ನೀರು ಸೋಕಿದ ಹಿಟ್ಟು

ಹೊಸದಾಗಿ ಧಂದೆಗೆ, ಅಂದರೆ ವ್ಯಾಪಾರಕ್ಕೆ, ಇಳಿಯುವವರು ಈಗಲೂ ನನ್ನನ್ನು ಹುಡುಕಿಕೊಂಡು ಬರುತ್ತಾರೆ. ದರ ಎಷ್ಟಿಡಬೇಕು, ಜಾಗ ಎಲ್ಲಿ ಹಿಡಿಯಬೇಕು, ಯಾರ ಹತ್ತಿರ ಹೇಗೆ ಚೌಕಾಸಿ ಮಾಡಬೇಕು ಎಂದು ಕೇಳುತ್ತಾರೆ. ಗೊತ್ತಿದ್ದದ್ದನ್ನೆಲ್ಲ ಹೇಳುತ್ತೇನೆ, ಕೇಳದಿದ್ದದ್ದನ್ನೂ ಹೇಳುತ್ತೇನೆ. ಕೊನೆಗೆ ನಾನೊಂದು ಪ್ರಶ್ನೆ ಹಾಕುತ್ತೇನೆ: ನಿಮ್ಮ ಮೊದಲ ಗಿರಾಕಿ ನಿಮ್ಮ ವಿಷಯವನ್ನು ನಾಲ್ಕು ಜನರ ಎದುರು ಹೇಳುವ ಸ್ಥಿತಿಯಲ್ಲಿ ಇದ್ದಾರೆಯೇ? ಅವರು ನಗುತ್ತಾರೆ. ಸರಕು ಚೆನ್ನಾಗಿದ್ದರೆ ಯಾಕೆ ಹೇಳುವುದಿಲ್ಲ ಎನ್ನುತ್ತಾರೆ. ಐವತ್ತರ ದಶಕದ ನಡುವೆ, ನನಗೆ ಇಪ್ಪತ್ತೇಳೋ ಇಪ್ಪತ್ತೆಂಟೋ ಆಗಿದ್ದಾಗ, ನಾನೂ ಹಾಗೆಯೇ ಅಂದುಕೊಂಡಿದ್ದೆ.

ಆಗ ನಾನು ಬಾಂದ್ರಾದಲ್ಲಿ ನನ್ನ ಸೋದರಮಾವನ ಹೋಟೆಲಿನಲ್ಲಿ ಗಲ್ಲಾದ ಮೇಲೆ ಕೂರುತ್ತಿದ್ದೆ. ಅಲ್ಲಿಗೆ ಏರಿದ್ದು ರುಬ್ಬುವ ಕಲ್ಲಿನ ಬುಡದಿಂದ. ಉಡುಪಿ ಕಡೆಯಿಂದ ಯಾರೇ ಬರಲಿ, ಮೊದಲು ಕಲ್ಲು. ಇಡ್ಲಿಗೆ, ದೋಸೆಗೆ, ವಡೆಗೆ, ಚಟ್ನಿಗೆ ಎಂದು ದಿನವಿಡೀ ಗುಂಡು ತಿರುಗಿಸಬೇಕು. ಭುಜ ಗಟ್ಟಿಯಾದ ಮೇಲೆ ಚಹಾದ ಒಲೆ, ಆಮೇಲೆ ದೋಸೆಯ ಕಾವಲಿ, ಅದೃಷ್ಟವಿದ್ದರೆ ಗಲ್ಲಾ. ಕಲ್ಲಿನ ಹತ್ತಿರ ಕಳೆದ ಮೂರು ವರ್ಷದಲ್ಲಿ ನನಗೆ ಒಂದು ವಿದ್ಯೆ ಬಂದಿತ್ತು. ಗೋಡೆಯ ಆಚೆ ಯಾರಾದರೂ ರುಬ್ಬುತ್ತಿದ್ದರೆ ಕಣ್ಣಿಂದ ನೋಡದೆಯೇ, ಹೊಸಬನೋ ಪಳಗಿದವನೋ, ಬಲಗೈಯೋ ಎಡಗೈಯೋ, ಸುಸ್ತಾಗಿದೆಯೋ ಇಲ್ಲವೋ ಹೇಳುತ್ತಿದ್ದೆ.

ಕುರ್ಲಾದ ಒಬ್ಬ ಮಿಸ್ತ್ರಿಯ ಕೈಯಲ್ಲಿ ನಾನೊಂದು ಯಂತ್ರ ಮಾಡಿಸಿದೆ. ಗುಜರಿಯಲ್ಲಿ ಸಿಕ್ಕಿದ ಹಳೆಯ ಮೋಟರು, ಒಂದು ಚರ್ಮದ ಬೆಲ್ಟು, ಒಂದು ದೊಡ್ಡ ಕಲ್ಲು. ಕೈಯಲ್ಲಿ ರುಬ್ಬುವಾಗ ಗುಂಡು ತಿರುಗುತ್ತದೆ, ಒರಳು ಸುಮ್ಮನಿರುತ್ತದೆ. ಇದರಲ್ಲಿ ಒರಳೇ ತಿರುಗುತ್ತಿತ್ತು, ಗುಂಡು ನಿಂತಲ್ಲೇ ನಿಂತಿರುತ್ತಿತ್ತು. ನೋಡಲು ಬಂದವರೆಲ್ಲ ಮೊದಲು ನಗುತ್ತಿದ್ದರು, ಆಮೇಲೆ ಹಿಟ್ಟನ್ನು ಬೆರಳಿಗೆ ತೆಗೆದುಕೊಂಡು ಉಜ್ಜಿ ಸುಮ್ಮನಾಗುತ್ತಿದ್ದರು. ಬೆಣ್ಣೆಯಂತಹ ಹಿಟ್ಟು. ಮುಂಬಯಿಯಲ್ಲಿ ಇಷ್ಟು ಹೋಟೆಲುಗಳಿವೆ, ಇಷ್ಟು ಮನೆಗಳಿವೆ, ಎಲ್ಲರಿಗೂ ನಾನೇ ರುಬ್ಬಿಕೊಡುತ್ತೇನೆ ಎಂಬ ಲೆಕ್ಕ ನನ್ನದು. ಆಂಟಾಪ್ ಹಿಲ್ಲಿನಲ್ಲಿ ಒಬ್ಬ ಮರಾಠಿ ಬಡಗಿಯ ಶೆಡ್ಡಿನ ಅರ್ಧವನ್ನು ಮಾತಾಡಿ ಹಿಡಿದೆ. ಬಾಡಿಗೆ ಬೇಡ, ದಿನಾ ಬೆಳಿಗ್ಗೆ ಅವನಿಗೂ ಅವನ ಇಬ್ಬರು ಕೆಲಸಗಾರರಿಗೂ ಇಡ್ಲಿ, ಅಷ್ಟೇ. ಜಾಗ ಹಿಡಿಯುವವರಿಗೆ ನಾನು ಈಗಲೂ ಹೇಳುವುದು ಇದನ್ನೇ. ಎದುರಿನವನಿಗೆ ಏನು ಬೇಕು ಎಂದು ನೋಡಿ, ನಿಮ್ಮ ಹತ್ತಿರ ಏನಿದೆ ಎಂದು ಆಮೇಲೆ ನೋಡಿದರೆ ಸಾಕು.

ಮಾವನಿಗೆ ಹೇಳಿದಾಗ ಅವರು ಕೂಗಾಡಲಿಲ್ಲ.

"ಚೌತಿವರೆಗೆ ನಿನ್ನ ಜಾಗ ಖಾಲಿ ಇಡ್ತೇನೆ," ಎಂದರು.

"ದೀಪಾವಳಿವರೆಗೆ ಇಡಿ ಮಾವ."

"ನನ್ನ ಹತ್ರವೇ ಚೌಕಾಸಿಯಾ ನಿಂದು? ಹೋಗ್ಲಿ, ವಿಜಯದಶಮಿ. ಅಷ್ಟರೊಳಗೆ ಹತ್ತು ಗಿರಾಕಿ ಆದ್ರೆ ನೀನು ನಿನ್ನ ಪಾಡಿಗೆ ಇರು. ಇಲ್ಲದಿದ್ರೆ ಆ ಮೋಟರನ್ನು ಗುಜರಿಗೆ ಹಾಕಿ ಇಲ್ಲಿ ಬಂದು ಕೂತ್ಕೊ. ಆಮೇಲೆ ಧಂದೆ ಗಿಂದೆ ಅಂತ ಬಾಯಿ ತೆಗೀಬಾರದು."

ನಾನು ಒಪ್ಪಿದೆ. ಆಗಿನ್ನೂ ಮೇ ತಿಂಗಳು. ಹತ್ತು ಗಿರಾಕಿ ಹತ್ತು ದಿನದ ಕೆಲಸ ಎಂದುಕೊಂಡೆ.

ಮೊದಲು ಹೋದದ್ದು ಹೋಟೆಲುಗಳಿಗೆ. ಹಿಂದಿನ ಸಂಜೆ ರುಬ್ಬಿದ ಹಿಟ್ಟನ್ನು ಬಿಗಿ ಮುಚ್ಚಳದ ಡಬ್ಬಿಯಲ್ಲಿ ತುಂಬಿಕೊಂಡು ಮಲಾಡಿನ ಲೋಕಲ್ ಹತ್ತಿದೆ. ಆ ಸೆಕೆಯಲ್ಲಿ, ಆ ರಶ್ಶಿನಲ್ಲಿ ಹಿಟ್ಟು ಉಬ್ಬದೆ ಇರುತ್ತದೆಯೇ? ಅಂಧೇರಿ ದಾಟುವಷ್ಟರಲ್ಲಿ ಮುಚ್ಚಳ ಟಪ್ಪೆಂದು ಹಾರಿ, ಹಿಟ್ಟು ಮೇಲಿನ ಹಲಗೆಯಿಂದ ಒಬ್ಬ ಗುಜರಾತಿ ಸೇಠರ ಟೋಪಿಯ ಮೇಲೆ ಇಳಿಯಿತು. ಅವರು ಬೆರಳಿಂದ ಒರೆಸಿಕೊಂಡು ಮೂಸಿ ನೋಡಿ, "ಢೋಕಳಾ?" ಎಂದು ಕೇಳಿದರು. ಇಡೀ ಬೋಗಿಯೇ ನಕ್ಕಿತು. ಆ ಮನುಷ್ಯ ಅಡುಗೆ ಮಾಡುವವರಾಗಿದ್ದರೆ ನನ್ನ ಮೊದಲ ಗಿರಾಕಿ ಅವರೇ ಆಗುತ್ತಿದ್ದರೇನೋ. ಮಾದರಿ ತೋರಿಸಲು ಹೋಗುವವರು ಡಬ್ಬಿಯನ್ನು ಅರ್ಧ ಮಾತ್ರ ತುಂಬಿಸಿ.

ಮಲಾಡಿನ ಹೋಟೆಲಿನ ಯಜಮಾನರು ನಮ್ಮ ಊರಿನ ಹೊಳೆಯ ಆಚೆ ದಡದವರು. ಉಳಿದ ಹಿಟ್ಟಿನಲ್ಲಿ ತಾವೇ ಒಂದು ದೋಸೆ ಹೊಯ್ದು, ನಿಂತಲ್ಲೇ ತಿಂದರು.

"ಲಾಯ್ಕ ಉಂಟು ಮಾರಾಯ. ನಾನು ಪ್ರಾಯದಲ್ಲಿ ರುಬ್ಬುತ್ತಿದ್ದ ಹಾಗೇ ಉಂಟು."

"ಹಾಗಾದ್ರೆ ಸೋಮವಾರದಿಂದ ಕಳಿಸ್ಲಾ?"

"ಸೋಮವಾರ ನನ್ನ ಹೆಂಡತಿಯ ಅಣ್ಣ ಬರ್ತಾನೆ ಊರಿಂದ. ಅಲ್ಲಿ ಗದ್ದೆ ಪಾಲಾಯ್ತು, ಅವನಿಗೆ ಬೇರೆ ಎಂತ ಸಹ ಬರುದಿಲ್ಲ. ಅವನನ್ನು ಎಲ್ಲಿ ಕೂರಿಸುದು ಹೇಳು? ನಿನ್ನ ಮೋಟರಿನ ಮೇಲಾ?"

ಅವರ ಹಿಂದೆ, ಅಡುಗೆಮನೆಯ ಮೂಲೆಯಲ್ಲಿ, ಕಲ್ಲಿನ ಮುಂದೆ ಒಬ್ಬ ಗಂಡಸು ಕೂತು ರುಬ್ಬುತ್ತಿದ್ದ. ಅವನೂ ಯಾರದೋ ಭಾವ, ಯಾರದೋ ಚಿಕ್ಕಪ್ಪನ ಮಗ. ಹತ್ತು ಹನ್ನೆರಡು ಹೋಟೆಲು ಸುತ್ತಿದೆ. ಎಲ್ಲ ಕಡೆಯೂ ಹಿಟ್ಟನ್ನು ಹೊಗಳಿದರು, ಎಲ್ಲ ಕಡೆಯೂ ಕಲ್ಲಿನ ಮುಂದೆ ಒಬ್ಬ ನೆಂಟನಿದ್ದ. ನಮ್ಮವರಿಗೆ ಆ ಕಲ್ಲು ಬರೀ ರುಬ್ಬುವ ಸಾಧನವಾಗಿರಲಿಲ್ಲ, ಊರಿನಿಂದ ಮುಂಬಯಿಗೆ ಇಟ್ಟಿದ್ದ ಬಾಗಿಲು. ನಾನೂ ಅದೇ ಬಾಗಿಲಿನಿಂದ ಒಳಗೆ ಬಂದವನು. ಬಂದವನೇ ಅದನ್ನು ಮುಚ್ಚಲು ಹೊರಟಿದ್ದೆ. ಇದು ಮೊದಲೇ ನನಗೆ ಹೊಳೆಯಲಿಲ್ಲವಲ್ಲ ಎಂಬುದು ಇಂದಿಗೂ ಆಶ್ಚರ್ಯ.

ಹೋಟೆಲು ಬಿಟ್ಟು ಮನೆಗಳಿಗೆ ಹೋದೆ. ನನ್ನ ಶೆಡ್ಡಿನ ಹತ್ತಿರವೇ ಆಫೀಸು ನೌಕರರ ಬಿಲ್ಡಿಂಗುಗಳಿದ್ದವು. ಮೈಸೂರು, ಬೆಂಗಳೂರು ಕಡೆಯ ಕುಟುಂಬಗಳು ಅಲ್ಲಿ ಬೇಕಾದಷ್ಟಿದ್ದವು. ಸೊಂಟದ ನೋವಿನ, ಭುಜದ ನೋವಿನ ಹೆಂಗಸರು ಅಲ್ಲಿ ಇರಲೇಬೇಕು, ಅವರಿಗೆ ರುಬ್ಬಲು ಯಾವ ಭಾವನೂ ಊರಿನಿಂದ ಬರುವುದಿಲ್ಲ. ರುಬ್ಬಿದ ಹಿಟ್ಟಿನ ಪಾತ್ರೆ ಹಿಡಿದು ಬಾಗಿಲು ತಟ್ಟಿದೆ. ಅಡುಗೆಯ ಕೆಲಸದವರನ್ನೆಲ್ಲ 'ಭಟ್ರೇ' ಎನ್ನುವುದು ಅವರ ರೂಢಿ. ಬಹಳ ಮರ್ಯಾದೆಯಿಂದ "ಬೇಡ ಭಟ್ರೇ" ಎಂದು ಬಾಗಿಲು ಹಾಕಿದರು. ಯಾಕೆಂದು ಯಾರೂ ಹೇಳಲಿಲ್ಲ. ಆಷಾಢವೆಲ್ಲ ಹೀಗೇ ಹೋಯಿತು. ತಟ್ಟಿದ್ದ ಬಾಗಿಲನ್ನೇ ಮತ್ತೆ ತಟ್ಟುವಾಗ ಕೈ ಹಿಂದೆ ಬರುತ್ತಿತ್ತು. ಬಡಗಿ ದಿನಾ ಇಡ್ಲಿ ತಿನ್ನುತ್ತ, "ಭಾವೂ, ಆಜ್ ಕೋಣಿ ಆಲಂ ಕಾ?" ಎಂದು ಕೇಳುತ್ತಿದ್ದ. ಇವತ್ತಾದರೂ ಯಾರಾದರೂ ಬಂದರಾ ಎಂದು. ನನ್ನ ಹಿಟ್ಟನ್ನು ತಿನ್ನುತ್ತಿದ್ದವರು ಅವನೂ ಅವನ ಕೆಲಸಗಾರರೂ ಮಾತ್ರ.

ಕಾರಣ ಹೇಳಿದವರು ನೆಲಮಹಡಿಯ ಒಂದು ಮನೆಯ ಅತ್ತೆ. ಕೆಂಪು ಸೀರೆ ಉಟ್ಟು ಸೆರಗನ್ನು ತಲೆಗೆ ಹೊದ್ದ ಮುದುಕಿ, ಆ ಬಿಲ್ಡಿಂಗಿನಲ್ಲೆಲ್ಲ ಮಡಿಗೆ ಹೆಸರಾದವರು.

"ಇದಕ್ಕೆ ನೀರು ಸೋಕಿದೆ ಅಲ್ಲವೇನಪ್ಪಾ?" ಎಂದು ದೂರದಿಂದಲೇ ಕೇಳಿದರು.

"ಹೌದಮ್ಮ, ನೀರು ಹಾಕದೆ ರುಬ್ಬುದು ಹೇಗೆ?"

"ಅದಕ್ಕೇ ಮತ್ತೆ. ಗೋಧಿ ಗಿರಣಿಗೆ ಕೊಡ್ತೀವಿ, ಯಾಕೆ? ಅದು ಒಣಗಿದ್ದು. ಯಾರು ಮುಟ್ಟಿದ್ರೂ ನಡೆಯತ್ತೆ. ನೀರು ಸೋಕಿದ್ದು ಮುಸುರೆ. ಅದನ್ನ ಹೊರಗಿಂದ ತರೋ ಹಾಗಿಲ್ಲ. ಬೇರೆಯವರು ನಿನ್ನ ಮುಖ ನೋಡಿ ಹೇಳಿರಲ್ಲ, ನಾನು ಹೇಳ್ದೆ. ಬೇಜಾರು ಮಾಡ್ಕೋಬೇಡ."

ಹತ್ತು ವರ್ಷ ಹೋಟೆಲಿನಲ್ಲಿ ಒದ್ದೆಯೂ ಒಣಗಿದ್ದೂ ಒಂದೇ ಎಂದು ಬಾಳಿದವನಿಗೆ ಇದು ಮರೆತೇ ಹೋಗಿತ್ತು. ನಮ್ಮ ಅಜ್ಜಿಯೂ ಹಾಗೆಯೇ ಇದ್ದವರು. ಮರುದಿನದಿಂದ ಮಾತು ಬದಲಿಸಿದೆ. ನಾನು ಹಿಟ್ಟು ಮಾರುವುದಿಲ್ಲ, ಅಕ್ಕಿ ನಿಮ್ಮದು, ಉದ್ದು ನಿಮ್ಮದು, ನೆನೆಸಿದ ನೀರೂ ನಿಮ್ಮದೇ, ಪಾತ್ರೆ ನಿಮ್ಮದು, ಒಂದೊಂದು ಮನೆಯದಕ್ಕೂ ಮೊದಲು ಕಲ್ಲು ತೊಳೆದು ರುಬ್ಬಿಕೊಡುತ್ತೇನೆ ಎಂದು ಬಾಗಿಲು ಬಾಗಿಲಿಗೆ ಹೇಳಿದೆ. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ನಮ್ಮಲ್ಲಿ ಯಾರು ಕೊಡ್ತಿದಾರೆ?" ಎಂದು ಕೇಳಿದರು. ಯಾರೂ ಇಲ್ಲ ಎಂದೆ. "ಯಾರಾದ್ರೂ ಶುರು ಮಾಡ್ಲಿ, ನೋಡೋಣ," ಎಂದರು. ಯಾರೂ ಶುರು ಮಾಡಲಿಲ್ಲ.

ಶ್ರಾವಣದ ಒಂದು ಮಧ್ಯಾಹ್ನ ಅದೇ ನೆಲಮಹಡಿಯ ಮನೆಯ ಸೊಸೆ ಮೆಟ್ಟಿಲ ಕೆಳಗೆ ನಿಂತು ನನ್ನನ್ನು ಕರೆದರು. ಕೈಯಲ್ಲಿ ಹಿತ್ತಾಳೆಯ ಪಾತ್ರೆ, ಅದರಲ್ಲಿ ನೆನೆದ ಅಕ್ಕಿ, ಮೇಲೆ ಸಣ್ಣ ಪಾತ್ರೆಯಲ್ಲಿ ಉದ್ದು. ಅವರ ಬಲಗೈಯ ಮಣಿಕಟ್ಟು ಒಂದು ಕಡೆಗೆ ವಾಲಿತ್ತು. ನಲ್ಲಿಯ ಹತ್ತಿರ ಜಾರಿಬಿದ್ದು ಮುರಿದದ್ದು, ಕಟ್ಟು ಹಾಕಿದವರು ನೆಟ್ಟಗೆ ಕೂರಿಸಿರಲಿಲ್ಲ.

"ಅತ್ತೆ ಮೂರು ಗಂಟೆಗೆ ಮಾಟುಂಗಕ್ಕೆ ಹರಿಕಥೆಗೆ ಹೋಗ್ತಾರೆ. ಐದಕ್ಕೆ ಬರ್ತಾರೆ. ನಾಲ್ಕೂವರೆಗೆ ತಂದ್ಕೊಡ್ತೀರಾ?"

"ತಂದ ಹಾಗೇ ಲೆಕ್ಕ ಅಕ್ಕ."

"ಯಾರಿಗೂ ಹೇಳಬಾರದು ಭಟ್ರೇ. ಅಕ್ಕಪಕ್ಕಕ್ಕೂ. ಮಾತು ಕೊಡಿ."

ಕೊಟ್ಟೆ. ಆ ಗಳಿಗೆಯಲ್ಲಿ ನಾನು ಯಾವ ಮಾತು ಬೇಕಾದರೂ ಕೊಡುತ್ತಿದ್ದೆ. ಮೂರು ತಿಂಗಳಿನಿಂದ ಕಾದ ಮೊದಲ ಗಿರಾಕಿ.

ವಾರಕ್ಕೆ ಎರಡು ಸಲ ನಡೆಯಿತು. ನಾಲ್ಕೂವರೆಗೆ ನಾನು ಪಾತ್ರೆ ತಂದಾಗ ಅವರು ಮನೆಯ ಒರಳಿನ ಸುತ್ತ ನೀರು ಚೆಲ್ಲಿ, ನಾನು ತಂದ ಹಿಟ್ಟನ್ನೇ ನಾಲ್ಕು ಬೆರಳಲ್ಲಿ ತೆಗೆದು ಗುಂಡಿಗೆ ಬಳಿಯುತ್ತಿದ್ದರು. ಈಗಷ್ಟೇ ರುಬ್ಬಿ ಎದ್ದ ಹಾಗೆ. ಒಂದು ದಿನ ನಗುತ್ತ ಹೇಳಿದರು, "ಈಚೆಗೆ ಹಿಟ್ಟು ನುಣ್ಣಗೆ ಬರ್ತಿದೆ, ನಿನ್ನ ಕೈ ಸರಿಹೋಯ್ತು ಅಂತಾರೆ ಅತ್ತೆ. ಅದಕ್ಕೇ ನಾಡಿದ್ದು ವಡೆಗೂ ರುಬ್ಬು ಅಂದಿದಾರೆ." ನಾನೂ ನಕ್ಕೆ. ವಡೆಯ ಹಿಟ್ಟನ್ನೂ ತೆಗೆದುಕೊಂಡು ಹೋದೆ.

ಆದರೆ ಒಬ್ಬರು ಒಬ್ಬರಾಗಿಯೇ ಉಳಿದರು. ಚೌತಿ ಕಳೆಯಿತು. ಮಹಾಲಯವೂ ಮುಗಿಯುತ್ತ ಬಂತು. ಬಾಂದ್ರಾಕ್ಕೆ ಹೋದಾಗ ಮಾವ ಏನೂ ಕೇಳುತ್ತಿರಲಿಲ್ಲ, ಗಲ್ಲಾದ ಕುರ್ಚಿಯ ಧೂಳನ್ನು ಹೆಗಲ ಬಟ್ಟೆಯಿಂದ ಒಂದು ಸಲ ಹೊಡೆಯುತ್ತಿದ್ದರು, ಅಷ್ಟೇ. ಆ ಬಿಲ್ಡಿಂಗಿನ ಪ್ರತಿ ಬಾಗಿಲಲ್ಲೂ ಅದೇ ಪ್ರಶ್ನೆ, 'ನಮ್ಮಲ್ಲಿ ಯಾರು ಕೊಡ್ತಿದಾರೆ?' ಉತ್ತರ ನನ್ನ ನಾಲಿಗೆಯ ಮೇಲಿತ್ತು. ಅದೂ ಎಂತಹ ಉತ್ತರ! ಆ ಬಿಲ್ಡಿಂಗಿನ ಅತ್ಯಂತ ಮಡಿಯ ಮನೆ. ಅದನ್ನು ನುಂಗಿಕೊಂಡು "ಯಾರೂ ಇಲ್ಲ ಅಮ್ಮ" ಎನ್ನುತ್ತ ಮೆಟ್ಟಿಲಿಳಿಯುತ್ತಿದ್ದೆ.

ನವರಾತ್ರಿಗೆ ಎರಡು ದಿನ ಇತ್ತು. ಎರಡನೇ ಮಹಡಿಯಲ್ಲಿ ಒಬ್ಬರು ಗೊಂಬೆ ಕೂರಿಸಲು ಮೆಟ್ಟಿಲು ಜೋಡಿಸುತ್ತಿದ್ದರು. ಅರಿಶಿನ ಕುಂಕುಮಕ್ಕೆ ಯಾರನ್ನು ಕರೆಯಬೇಕು, ಯಾವ ದಿನ ಏನು ಮಾಡಬೇಕು ಎಲ್ಲ ನಿರ್ಧರಿಸುವವರು ಅವರೇ. ಅವರು ಕೊಟ್ಟರೆ ಉಳಿದವರೂ ಕೊಡುತ್ತಾರೆ ಎಂದು ನನಗೆ ಗೊತ್ತಿತ್ತು.

"ಒಂಬತ್ತು ದಿನವೂ ಜನ ಬರ್ತಾರೆ, ನನಗೂ ಸಾಕಾಗಿದೆ," ಎಂದರು. "ಆದ್ರೆ ಮೊದಲನೆಯವಳು ನಾನೇ ಆಗೋದು ಬೇಡ ನೋಡಿ. ಯಾರೂ ಕೊಡ್ತಿಲ್ವಾ ನಿಜವಾಗಿ?"

ಬಾಯಿ ಜಾರಿತು ಎಂದು ಬರೆದರೆ ಸುಳ್ಳಾಗುತ್ತದೆ. ನಾನು ಉಸಿರು ತೆಗೆದುಕೊಂಡು, ಯೋಚಿಸಿ, ಹೇಳಿದೆ.

"ನಿಮ್ಮ ನೆಲಮಹಡಿಯವರೇ ಕೊಡ್ತಾ ಇದ್ದಾರೆ ಅಮ್ಮ. ಶ್ರಾವಣದಿಂದ."

ಅವರು ಗೊಂಬೆಯೊಂದನ್ನು ಕೈಯಲ್ಲಿ ಹಿಡಿದವರು ಹಾಗೇ ನಿಂತರು. "ಆ ಮನೇಲಾ! ಅತ್ತೆಯವ್ರು ಒಪ್ಪಿದ್ರಾ?"

ಅಲ್ಲಿಗಾದರೂ ನಿಲ್ಲಿಸಬಹುದಿತ್ತು.

"ಒಪ್ಪದೆ ಕೊಡ್ತಾರಾ ಅಮ್ಮ?" ಎಂದೆ.

ಮರುದಿನ ನಾಲ್ಕೂವರೆಗೆ ಪಾತ್ರೆ ಹಿಡಿದು ನೆಲಮಹಡಿಗೆ ಹೋದಾಗ ಬಾಗಿಲು ಪೂರಾ ತೆರೆದಿತ್ತು. ಹೊಸ್ತಿಲ ಒಳಗೆ ಅತ್ತೆ ಮಣೆಯ ಮೇಲೆ ಕೂತಿದ್ದರು. ಸೊಸೆ ಒರಳಿನ ಹತ್ತಿರ ಗೋಡೆಗೆ ಒರಗಿ ನಿಂತಿದ್ದರು. ಒರಳಿನ ಸುತ್ತ ನೀರು ಚೆಲ್ಲಿರಲಿಲ್ಲ.

"ಅಲ್ಲೇ ಇಡಪ್ಪಾ," ಎಂದರು ಅತ್ತೆ. ಇಟ್ಟೆ. "ಮೇಲಿನ ಮನೆಯವಳು ಇವತ್ತು ಹರಿಕಥೇಲಿ ಪಕ್ಕಕ್ಕೆ ಬಂದು ಕೂತ್ಲು. ನೀವೇ ಒಪ್ಪಿದ ಮೇಲೆ ನಮ್ಮದೇನು ಅಭ್ಯಂತರ ಅಂದ್ಲು. ನಾನು ಅರ್ಧಕ್ಕೆ ಎದ್ದು ಬಂದೆ."

"ಅಮ್ಮ, ಅವರ ತಪ್ಪಿಲ್ಲ. ಅವರ ಕೈ..."

"ಅವಳ ಕೈ ನನಗೆ ಕಾಣಲ್ವೇನಯ್ಯಾ? ಸರಿಹೋಯ್ತು ಅಂತ ಎರಡು ತಿಂಗಳು ನಂಬಿಸಿದ್ಲು. ಆಗಲ್ಲ ಅತ್ತೆ ಅಂದಿದ್ರೆ ನಾನೇ ರುಬ್ಬಿರ್ತಿದ್ದೆ. ನಾನು ಅದನ್ನ ತಿಂದು, ದೇವರಿಗೂ ನೈವೇದ್ಯ ಮಾಡ್ದೆ."

ಸೊಸೆ ನೆಲವನ್ನೇ ನೋಡುತ್ತಿದ್ದರು. ಯಾರನ್ನಾದರೂ ಮಾತಿನಲ್ಲಿ ಒಪ್ಪಿಸಬಲ್ಲೆ ಎಂದು ಬೀಗುತ್ತಿದ್ದವನು ನಾನು. ಅಲ್ಲೂ ಮಾತಿನಿಂದಲೇ ಸರಿಪಡಿಸಲು ಹೊರಟೆ. "ಮೇಲಿನವರಿಗೆ ನಾನೇ ಹೋಗಿ ನಿಜ ಹೇಳ್ತೇನೆ," ಎಂದೆ.

"ಏನು ಹೇಳ್ತೀಯಾ? ಈ ಮನೆ ಸೊಸೆ ಅತ್ತೆಗೆ ಸುಳ್ಳು ಹೇಳಿ ಕದ್ದು ಕೊಟ್ಲು ಅಂತಲಾ?" ಅವರ ದನಿ ಏರಲಿಲ್ಲ. "ಬೇಡ. ನಾನು ಒಪ್ಪಿದ್ದೆ ಅಂದಿದೀಯಲ್ಲ, ಹಾಗೇ ಇರಲಿ. ಬಿಲ್ಡಿಂಗಿನವರ ಬಾಯಿಗೆ ಅವಳನ್ನ ನಾನು ಹಾಕಲ್ಲ. ನೀನು ಇನ್ನು ಈ ಬಾಗಿಲಿಗೆ ಬರಬೇಡ. ಇದನ್ನ ಗೇಟಿನ ಹತ್ರದ ಹಸುವಿಗೆ ಹಾಕಿ, ಪಾತ್ರೆ ತೊಳೆದು ಇಲ್ಲಿಟ್ಟು ಹೋಗು."

ಗೇಟಿನ ಹತ್ತಿರ ದಿನಾ ಒಬ್ಬಾಕೆ ಹಸು ಕಟ್ಟಿಕೊಂಡು ಹುಲ್ಲು ಮಾರುತ್ತ ಕೂರುತ್ತಿದ್ದಳು. ಹಿಟ್ಟನ್ನು ಅದರ ಮುಂದೆ ಹಿಡಿದೆ. ಒಂದು ಸಲ ಮೂಸಿತು, ಆಮೇಲೆ ತಳದವರೆಗೆ ನೆಕ್ಕಿತು. ನನ್ನ ಹಿಟ್ಟನ್ನು ಅಷ್ಟು ಹಿಂದೆಮುಂದೆ ನೋಡದೆ ಒಪ್ಪಿಕೊಂಡವರು ಆ ಊರಿನಲ್ಲಿ ಬೇರೆ ಇರಲಿಲ್ಲ. ಪಾತ್ರೆ ತೊಳೆದು ಹೊಸ್ತಿಲಲ್ಲಿಟ್ಟು ಬಂದೆ. ಬಾಗಿಲು ಆಗಲೇ ಮುಚ್ಚಿತ್ತು.

ನವರಾತ್ರಿಯ ಮೊದಲ ದಿನವೇ ಎರಡನೇ ಮಹಡಿಯಿಂದ ಅಕ್ಕಿಯ ಪಾತ್ರೆ ಬಂತು. ಮೂರನೇ ದಿನ ಅದರ ಎದುರು ಮನೆ, ಆಮೇಲೆ ಪಕ್ಕದ ಬಿಲ್ಡಿಂಗು. 'ಅವರೇ ಕೊಡ್ತಾರಂತೆ' ಎಂಬ ಮಾತು ನನಗಿಂತ ಮುಂದೆ ಮೆಟ್ಟಿಲು ಹತ್ತುತ್ತಿತ್ತು. ವಿಜಯದಶಮಿಯ ದಿನ ಬಾಂದ್ರಾಕ್ಕೆ ಹೋಗಿ ಹನ್ನೊಂದು ಮನೆ ಎಂದು ಹೇಳಿದೆ. ಮಾವ ಗಲ್ಲಾದ ಕುರ್ಚಿಯಲ್ಲಿ ತಾವೇ ಕೂತರು. "ಹಠ ಸಾಧಿಸಿದಿ ಮಾರಾಯ," ಎಂದು ನನ್ನ ಬೆನ್ನು ತಟ್ಟಿದರು. ಹನ್ನೊಂದು ಎಂದಾಗ ಆ ನೆಲಮಹಡಿಯ ಮನೆಯನ್ನೂ ನಾನು ಸುಳ್ಳಿಗೆ ಸೇರಿಸಿದ್ದೆ. ಸೇರಿಸದೆ ವಿಧಿಯಿರಲಿಲ್ಲ, ಉಳಿದ ಹತ್ತೂ ಅದರ ಮೇಲೆಯೇ ನಿಂತಿದ್ದವು.

ಆ ಸೊಸೆ ಆಮೇಲೆ ಒಂದೇ ಒಂದು ಸಲ ಮಾತಾಡಿಸಿದರು. ದೀಪಾವಳಿಯ ಹಿಂದೆಮುಂದೆ, ನಲ್ಲಿಯ ಹತ್ತಿರ. ನಾನು ಏನೋ ಹೇಳಲು ಹೊರಟೆ. ಎಡಗೈಯಲ್ಲಿ ಕೊಡ ಎತ್ತಿಕೊಳ್ಳುತ್ತ, "ಇರ್ಲಿ ಬಿಡಿ ಭಟ್ರೇ. ನಿಮ್ಮ ಮಿಷನ್ನು ಓಡ್ತಾ ಇದೆಯಲ್ಲ," ಎಂದರು. ಕೊಡ ಹಿಡಿದುಕೊಳ್ಳಲೇ ಎಂದು ಕೇಳುವ ಯೋಗ್ಯತೆ ಕೂಡ ನನಗೆ ಉಳಿದಿರಲಿಲ್ಲ.

ಆಮೇಲೆ ಎಷ್ಟೋ ವರ್ಷ ಆ ಬಿಲ್ಡಿಂಗಿಗೆ ಹಿಟ್ಟು ಹೊತ್ತೆ. ಮಧ್ಯಾಹ್ನ ಮೂರರಿಂದ ಐದರವರೆಗೆ ನೆಲಮಹಡಿಯ ಬಾಗಿಲು, ಕಿಟಕಿ ಎರಡೂ ಮುಚ್ಚಿರುತ್ತಿದ್ದವು. ಅತ್ತೆ ಹರಿಕಥೆಗೆ ಹೋಗುವುದನ್ನು ಬಿಟ್ಟಿದ್ದರು. ಮೊದಲು ಮನೆಯಲ್ಲೇ ರುಬ್ಬಿದ್ದು ಎಂದು ತೋರಿಸಲು ಸೊಸೆ ಕಲ್ಲಿಗೆ ಹಿಟ್ಟು ಬಳಿಯುತ್ತಿದ್ದರು. ಈಗ ಮನೆಯಲ್ಲಿ ರುಬ್ಬುತ್ತಿಲ್ಲ ಎಂದು ತೋರಿಸಲು ಬಾಗಿಲು ಹಾಕಿಕೊಂಡು ರುಬ್ಬುತ್ತಿದ್ದರು. ಬೇರೆಯವರಿಗೆ ಆ ಸದ್ದು ಕೇಳಿಸದು, ಕೇಳಿಸಿದರೂ ಚಟ್ನಿ ಎಂದುಕೊಂಡಾರು. ನನ್ನ ಕಿವಿಗೆ ಎಲ್ಲವೂ ಗೊತ್ತಾಗುತ್ತಿತ್ತು. ನಾಲ್ಕು ಸುತ್ತು, ನಿಲುಗಡೆ, ಮತ್ತೆ ನಾಲ್ಕು ಸುತ್ತು, ಅದು ಉಬ್ಬಸದ ಮುದಿ ಕೈ. ಸ್ವಲ್ಪ ಹೊತ್ತಿನ ಮೇಲೆ ಒಂದು ಕಡೆ ಜೋರು, ಒಂದು ಕಡೆ ಎಳೆತ, ಅದು ವಾಲಿದ ಮಣಿಕಟ್ಟು. ಇಬ್ಬರೂ ಸರದಿಯ ಮೇಲೆ ರುಬ್ಬುತ್ತಿದ್ದರು.

ಎರಡೂ ಕೈಯಲ್ಲಿ ತುಂಬಿದ ಪಾತ್ರೆ ಹಿಡಿದು ನಾನು ಅಲ್ಲಿ ಒಂದು ಗಳಿಗೆ ನಿಲ್ಲುತ್ತಿದ್ದೆ. ಬಾಗಿಲು ತಟ್ಟುವ ಹಾಗಿಲ್ಲ, ಮೇಲೆ ಹೋಗಿ ನಿಜ ಹೇಳುವ ಹಾಗಿಲ್ಲ. ಎರಡನೇ ಮಹಡಿಯವರು ಪಾತ್ರೆ ತೆಗೆದುಕೊಳ್ಳುತ್ತ, "ಕೆಳಗಿನ ಮನೆಯದ್ದೂ ಆಯ್ತಾ ಇವತ್ತು?" ಎಂದು ಸುಮ್ಮನೆ ಮಾತಿಗೆ ಕೇಳುತ್ತಿದ್ದರು.

"ಆಯ್ತಮ್ಮ," ಎನ್ನುತ್ತಿದ್ದೆ. ಇಳಿಯುವಾಗ ಆ ಬಾಗಿಲಿನ ಮುಂದೆ ಖಾಲಿ ಪಾತ್ರೆಗಳು ಒಂದಕ್ಕೊಂದು ತಾಗಿ ಸದ್ದಾಗದ ಹಾಗೆ ಎದೆಗೆ ಒತ್ತಿಕೊಂಡು ದಾಟುತ್ತಿದ್ದೆ.